ಕಾಡಿನ ನ್ಯಾಯ ಕೇಳಿದ ಮರದ ವ್ಯಾಪಾರಿ

ಬಿಕ್ಕೋಡಿನ ಸುತ್ತಣ ಕಾಫಿತೋಟಗಳ ಸಿಲ್ವರ್ ಓಕ್ ಮರಗಳು ಲಾರಿಯೇರಿ ಸಾಮಿಲ್ಲಿಗೆ ಸಾಗುವುದನ್ನು ಕಂಡಾಗಲೆಲ್ಲ, ಕೆನಡಾದಲ್ಲಿ ನೆಲೆಸಿದ್ದ ಭಾರತೀಯ ಮೂಲದ ಮರದ ವ್ಯಾಪಾರಿ ನರಂಜನ್ ಸಿಂಗ್ ಗ್ರೆವಾಲರು ನೆನಪಾಗುತ್ತಾರೆ.

1925ರಲ್ಲಿ ಆ ದೇಶಕ್ಕೆ ತೆರಳಿದ ಅವರು ಮರದ ಗಿರಣಿಯಲ್ಲಿ ದುಡಿದು, ಕಾರ್ಮಿಕ ಸಂಘದಲ್ಲಿ ಸೇವೆ ಸಲ್ಲಿಸಿ, ಕ್ರಮೇಣ ಹಲವು ಗಿರಣಿಗಳ ಒಡೆಯರಾದರು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವು 1907ರಲ್ಲಿ ಭಾರತೀಯರಿಂದ ಕಸಿದುಕೊಂಡ ಮತದ ಹಕ್ಕನ್ನು ಮರಳಿ ಕೊಟ್ಟದ್ದು 1947ರಲ್ಲಿ. ಮೂರೇ ವರ್ಷಗಳಲ್ಲಿ, 1950ರಲ್ಲಿ, ಆ ಪ್ರಾಂತ್ಯದ ಮಿಷನ್ ಪಟ್ಟಣದ ಜನರು ಗ್ರೆವಾಲರನ್ನು ಪಟ್ಟಣದ ಆಡಳಿತ ಮಂಡಳಿಗೆ ಆರಿಸಿದರು. 1954ರಲ್ಲಿ ಅವರು ಅದರ ಅಧ್ಯಕ್ಷರೂ ಆದರು.

ಸರ್ಕಾರಿ ಕಾಡಿನ ಪರವಾನಗಿಗಳು ದೊಡ್ಡ ಕಂಪನಿಗಳ ಪಾಲಾಗುತ್ತಿದ್ದುದನ್ನು ಅವರು ಬಹಿರಂಗವಾಗಿ ಖಂಡಿಸಿದರು. 1956ರಲ್ಲಿ ಪ್ರಾಂತೀಯ ಶಾಸನಸಭೆಗೆ ಸ್ಪರ್ಧಿಸಿ ಸೋತರು, ಮರುವರ್ಷವೇ ಕಾಲವಶರಾದರು. ಅಂತಹ ಪರವಾನಗಿಗಳ ವಿಷಯದಲ್ಲಿಯೇ ಲಂಚ ಪಡೆದ ಅಪರಾಧಕ್ಕೆ ಮಾಜಿ ಅರಣ್ಯ ಸಚಿವ ರಾಬರ್ಟ್ ಸಾಮರ್ಸ್ 1958ರಲ್ಲಿ ಸೆರೆಮನೆ ಸೇರಿದರು.

ಕಸುಬಿನ ಒಳಗುಟ್ಟು ಬಲ್ಲವನು ಅಧಿಕಾರವನ್ನು ಬಯಸಿದಾಗ, ಆ ತಿಳಿವು ತನ್ನ ಗಂಟನ್ನು ಬೆಳೆಸಬಹುದು, ಊರಿನ ಗಂಟನ್ನು ಕಾಯಲೂಬಹುದು. ಗ್ರೆವಾಲರು ಎರಡನೆಯ ದಾರಿ ಹಿಡಿದರು. ನಮ್ಮ ಮನೆಯಂಗಳಕ್ಕೆ ಮತ ಕೇಳಿ ಬರುವ ವ್ಯಾಪಾರಿಯನ್ನು ನಾವೂ ವಿನಯದಿಂದ ಕೇಳೋಣ: ಅಯ್ಯಾ, ತಮ್ಮ ತಿಳಿವು ಯಾರ ಪಾಲಿಗೆ?