ಬಾಡಿಗೆದಾರರಿಗೂ ಕುರ್ಚಿ ಇರುವ ಸಭೆ

ಬೆಂಗಳೂರಿನ ಯಾವ ಬೀದಿಗೆ ಹೋದರೂ ಜನ ಆಡಿಕೊಳ್ಳುವ ಕಷ್ಟಗಳು ಹೆಚ್ಚುಕಡಿಮೆ ಒಂದೇ: ಕಸದ ಆಟೊ ಇವತ್ತೂ ಬರಲಿಲ್ಲ, ಕಾವೇರಿ ನೀರು ಯಾವ ದಿನ ಬಿಡುತ್ತಾರೋ ಗೊತ್ತಿಲ್ಲ, ಮೂಲೆಯ ಬೀದಿದೀಪ ಉರಿಯುತ್ತಿಲ್ಲ, ನಾಯಿಗಳ ಕಾಟ, ಪೈಪಿಗೆಂದು ಅಗೆದು ಹಾಗೇ ಬಿಟ್ಟ ರಸ್ತೆ. ಬೀದಿ ಒಂದೇ ಆದರೂ ಕೇಳಬೇಕಾದ ಕಚೇರಿಗಳು ಬೇರೆ ಬೇರೆ. ರಸ್ತೆ ಪಾಲಿಕೆಯದು, ಅದರಡಿಯ ಪೈಪು ಜಲಮಂಡಳಿಯದು, ಪಕ್ಕದ ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು. ಹಾಗಾಗಿ ಒಬ್ಬೊಬ್ಬರೂ ಒಂದೊಂದು ಸಹಾಯವಾಣಿಗೆ ಫೋನು ಮಾಡುತ್ತಾರೆ, ಆ್ಯಪಿನಲ್ಲಿ ಫೋಟೊ ಹಾಕುತ್ತಾರೆ, ದೂರಿನ ಸಂಖ್ಯೆ ಬರೆದಿಟ್ಟುಕೊಂಡು ಕಾಯುತ್ತಾರೆ. ಗುಂಡಿ ಮುಚ್ಚಿದರೆ ದೂರು ಮುಗಿಯಿತು. ಅದೇ ಜಾಗವನ್ನು ಇನ್ನೊಂದು ಇಲಾಖೆ ಮತ್ತೆ ಅಗೆದರೆ ಮತ್ತೊಬ್ಬರಿಂದ ಮತ್ತೊಂದು ದೂರು. ಯಾವ ಕೆಲಸ ಮೊದಲು ಆಗಬೇಕು, ಯಾವುದು ಕಾಯಬಹುದು ಎಂದು ಬೀದಿಯವರೇ ಕೂತು ತೀರ್ಮಾನಿಸುವ ಜಾಗವಿಲ್ಲ. ಅಲ್ಲಿ ವಾಸಿಸುವ ಎಲ್ಲರೂ ಬರಬಹುದಾದ, ನಡಾವಳಿ ಬರೆದಿಡುವ, ಅಧಿಕಾರಿಗಳು ಎದುರಿಗೆ ನಿಂತು ಉತ್ತರ ಕೊಡಬೇಕಾದ ಸಭೆಯೊಂದು ಪ್ರತಿ ಬಡಾವಣೆಗೂ ಬೇಕು ಎಂಬುದು ನನ್ನ ವಾದ.

ಇದೇನೂ ಹೊಸ ಬೇಡಿಕೆಯಲ್ಲ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳಿತು; ಅದು ಜಾರಿಗೆ ಬಂದದ್ದು 1993ರ ಜೂನ್‌ನಲ್ಲಿ. ಕರ್ನಾಟಕ 2011ರಲ್ಲಿ ಪೌರ ನಿಗಮಗಳ ಕಾಯ್ದೆಗೆ ತಿದ್ದುಪಡಿ ತಂದು ವಾರ್ಡ್ ಸಮಿತಿಗೆ ರೂಪ ಕೊಟ್ಟಿತು: ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟರು, ಇಬ್ಬರು ನಿವಾಸಿ ಸಂಘಗಳಿಂದ ಬಂದವರು. ಸಮಿತಿಗಿಂತ ಕೆಳಗೆ, ಮತಗಟ್ಟೆಯ ಮಟ್ಟದಲ್ಲಿ, ಮತದಾರರೆಲ್ಲರೂ ಸೇರುವ ‘ಏರಿಯಾ ಸಭಾ’ ಎಂಬುದನ್ನೂ ಅದೇ ತಿದ್ದುಪಡಿ ಕಲ್ಪಿಸಿತು. ಬೆಂಗಳೂರಿನಲ್ಲಿ ವಾರ್ಡ್ ಸಮಿತಿಗಳು ತಿಂಗಳ ಮೊದಲ ಶನಿವಾರ ಸಭೆ ಸೇರುವ ರೂಢಿ ಕೆಲಕಾಲವಾದರೂ ನಡೆಯಿತು. ಏರಿಯಾ ಸಭಾ ಮಾತ್ರ ಕಾಗದದಿಂದ ಕೆಳಗಿಳಿಯಲೇ ಇಲ್ಲ. 2015ರಲ್ಲಿ ಆಯ್ಕೆಯಾದ ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಗಿ ಒಡೆದಾಗಲೂ ಕಾರ್ಪೊರೇಟರ್‌ಗಳಿರಲಿಲ್ಲ. ಹಳ್ಳಿಯವರ ಸ್ಥಿತಿಯೊಂದಿಗೆ ಇದನ್ನು ಹೋಲಿಸಿ ನೋಡಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅಲ್ಲಿ ವಾರ್ಡ್ ಸಭೆ ನಡೆಯಬೇಕು. ಎಷ್ಟೋ ಕಡೆ ಅದು ಹೆಸರಿಗಷ್ಟೇ ನಡೆಯುತ್ತದೆ, ನಿಜ. ಆದರೂ ಎದ್ದು ನಿಂತು ಕೇಳುವ ಹಕ್ಕು ಒಬ್ಬ ಕೂಲಿಕಾರಳಿಗೆ ಇದೆ. ಆಕೆಯೇ ಬೆಂಗಳೂರಿಗೆ ಬಂದು ಮನೆಗೆಲಸಕ್ಕೆ ಸೇರಿದರೆ ಆ ಹಕ್ಕನ್ನು ಚಲಾಯಿಸುವ ಜಾಗವೇ ಇಲ್ಲವಾಗುತ್ತದೆ.

ಸಂಘಗಳಿವೆಯಲ್ಲ, ಅವು ಸಾಲದೇ ಎಂದು ಕೇಳಬಹುದು. ನಿವಾಸಿಗಳ ಸಂಘಗಳು ಈ ನಗರಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನವರು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಆ ಕೆರೆಯನ್ನು ಉಳಿಸಿಕೊಂಡರು. 2016ರ ಅಕ್ಟೋಬರ್‌ನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡವೆಂದು ಸಾವಿರಾರು ಜನ ಮಾನವ ಸರಪಳಿ ಕಟ್ಟಿದಾಗ ಸಂಘಗಳವರೂ ಅದರಲ್ಲಿದ್ದರು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಆದರೆ ಸಂಘವೆಂದರೆ ಸಾಮಾನ್ಯವಾಗಿ ಮನೆ ಮಾಲೀಕರ ಸಂಘ. ಬೈಲಾದಲ್ಲಿ ಬಾಡಿಗೆದಾರರಿಗೆ ಜಾಗವಿದ್ದರೂ ಪದಾಧಿಕಾರಿಗಳ ಪಟ್ಟಿಯಲ್ಲಿ ಅವರ ಹೆಸರು ಕಾಣುವುದು ಅಪರೂಪ. ಪಿ.ಜಿ.ಗಳಲ್ಲಿರುವ ಹುಡುಗ ಹುಡುಗಿಯರು, ಔಟ್‌ಹೌಸಿನಲ್ಲಿರುವ ಡ್ರೈವರ್, ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟವರು ಸಂಘದ ಲೆಕ್ಕದಲ್ಲಿ ಬಹುಮಟ್ಟಿಗೆ ‘ಸಮಸ್ಯೆ’ಗಳೇ ಹೊರತು ಸದಸ್ಯರಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಸಾರಿದಾಗ ಈ ಕೊರತೆ ಎದ್ದು ಕಂಡಿತು. ನೀರು ದಿನಕ್ಕೆಷ್ಟು ಹೊತ್ತು ಬಿಡಬೇಕು, ಟ್ಯಾಂಕರ್ ಖರ್ಚನ್ನು ಹೇಗೆ ಹಂಚಬೇಕು ಎಂಬ ತೀರ್ಮಾನ ಮಾಲೀಕರ ನಡುವೆಯೇ ಮುಗಿದರೆ, ಬಾಡಿಗೆದಾರನ ಪಾಲಿಗೆ ಬರುವುದು ಬಿಲ್ ಮಾತ್ರ.

ಕಸದ ವಿಷಯದಲ್ಲಂತೂ ಎಲ್ಲರೂ ಕೂತು ಮಾತಾಡದಿದ್ದರೆ ಆಗುವ ನಷ್ಟ ಕಣ್ಣೆದುರೇ ಇದೆ. 2012ರಲ್ಲಿ ಮಾವಳ್ಳಿಪುರದ ಜನ ನಗರದ ಕಸ ನಮಗೆ ಬೇಡವೆಂದರು, ಆಮೇಲೆ ಮಂಡೂರಿನವರೂ ಅದನ್ನೇ ಹೇಳಿದರು. ಹಸಿ ಕಸ, ಒಣ ಕಸ ಬೇರ್ಪಡಿಸಲೇಬೇಕೆಂದು ಹೈಕೋರ್ಟ್ ಹೇಳಿತು. ಅಷ್ಟಾದರೂ ಬಡಾವಣೆ ಬಡಾವಣೆಯಲ್ಲೂ ರಾತ್ರೋರಾತ್ರಿ ಕಸ ಬಂದು ಬೀಳುವ ಬ್ಲಾಕ್‌ಸ್ಪಾಟ್‌ಗಳಿವೆ. ಸಾಮಾನ್ಯ ಉಪಾಯವೆಂದರೆ ಅಲ್ಲೊಂದು ಕ್ಯಾಮೆರಾ ಹಾಕುವುದು, ದಂಡದ ಬೋರ್ಡು ನೆಡುವುದು, ರಂಗೋಲಿ ಬಿಡಿಸುವುದು. ಅಲ್ಲಿ ಕಸ ಹಾಕುವವರು ಯಾರು, ಏಕೆ ಎಂದು ಕೇಳಿದರೆ ಎಷ್ಟೋ ಸಲ ಉತ್ತರ ಸರಳ. ಆಟೊ ಬರುವುದು ಬೆಳಿಗ್ಗೆ ಎಂಟೂವರೆಗೆ; ಒಬ್ಬರೇ ಇರುವ ಬಾಡಿಗೆದಾರರು, ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯವರು ಅಷ್ಟರಲ್ಲಿ ಕೆಲಸಕ್ಕೆ ಹೊರಟಿರುತ್ತಾರೆ. ಅಡುಗೆಮನೆಯ ಕಸವನ್ನು ಮೂರು ದಿನ ಒಂದೇ ಕೋಣೆಯಲ್ಲಿ ಇಟ್ಟುಕೊಳ್ಳಲು ಯಾರಿಗೂ ಆಗದು. ಆಟೊ ವಾರದಲ್ಲಿ ಎರಡು ದಿನ ಸಂಜೆ ಬಂದರೆ, ಅಥವಾ ಬೀದಿಯಲ್ಲೊಂದು ಕಡೆ ಮುಚ್ಚಳವಿರುವ ಡಬ್ಬಗಳನ್ನಿಟ್ಟು ಯಾರಾದರೂ ನೋಡಿಕೊಂಡರೆ, ಕ್ಯಾಮೆರಾ ಮಾಡದ ಕೆಲಸ ಆದೀತು. ಪೌರಕಾರ್ಮಿಕರನ್ನು, ಆಟೊ ಚಾಲಕನನ್ನು, ಪಿ.ಜಿ. ನಡೆಸುವವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ತಾನೇ ಇದು ತಿಳಿಯುವುದು?

ಜನಕ್ಕೆ ಪುರುಸೊತ್ತೆಲ್ಲಿದೆ ಎಂಬುದು ಮೊದಲ ಆಕ್ಷೇಪ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಅಣ್ಣಮ್ಮ ದೇವಿಯನ್ನು ಕೂರಿಸುವುದನ್ನು ನೋಡಿದವರು ಈ ಮಾತನ್ನು ಪೂರ್ತಿ ಒಪ್ಪಲಾರರು. ಬೀದಿಯ ಹುಡುಗರು ಮನೆಮನೆಗೆ ಹೋಗಿ ಚಂದಾ ಎತ್ತುತ್ತಾರೆ, ಪೆಂಡಾಲಿಗೂ ಧ್ವನಿವರ್ಧಕಕ್ಕೂ ಅನುಮತಿ ತರುತ್ತಾರೆ, ನೂರಾರು ಜನಕ್ಕೆ ಅನ್ನಸಂತರ್ಪಣೆ ನಡೆಸುತ್ತಾರೆ, ಉಳಿದ ದುಡ್ಡಿನ ಲೆಕ್ಕ ಒಪ್ಪಿಸುತ್ತಾರೆ. ಗಣೇಶನಿಗೂ ನವೆಂಬರ್‌ನ ರಾಜ್ಯೋತ್ಸವಕ್ಕೂ ಹೀಗೆಯೇ. ಇಷ್ಟು ಸಂಘಟನೆಯ ಶಕ್ತಿ ಇರುವ ಬೀದಿಗೆ ಮೂರು ತಿಂಗಳಿಗೊಮ್ಮೆ ಎರಡು ಗಂಟೆ ಕೂರಲು ಆಗುವುದಿಲ್ಲವೆನ್ನಲು ಕಾರಣವಿಲ್ಲ. ಕೂತದ್ದರಿಂದ ಏನಾದರೂ ಆಗುತ್ತದೆಂಬ ನಂಬಿಕೆ ಹುಟ್ಟಬೇಕು, ಅಷ್ಟೇ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸಭೆ ಕರೆದರೆ ದೊಡ್ಡ ಗಂಟಲಿನವರು, ಪಕ್ಷದವರು, ಕಂಟ್ರಾಕ್ಟರ್‌ನ ಕಡೆಯವರು ಅದನ್ನು ವಶಪಡಿಸಿಕೊಳ್ಳುತ್ತಾರೆ. ಬೀದಿಬದಿಯ ವ್ಯಾಪಾರಿಗಳನ್ನು ಎಬ್ಬಿಸಿ ಎಂದೋ, ಬ್ರಹ್ಮಚಾರಿಗಳಿಗೆ ಮನೆ ಕೊಡಬೇಡಿ ಎಂದೋ ಬಹುಮತದಿಂದ ನಿರ್ಣಯ ಮಾಡಿಬಿಡುತ್ತಾರೆ. ಈ ಭಯ ಸುಳ್ಳಲ್ಲ. ಅದಕ್ಕಾಗಿಯೇ ಸಭೆಯ ಅಧಿಕಾರಕ್ಕೆ ಗಡಿ ಹಾಕಬೇಕು: ಯಾರು ಎಲ್ಲಿ ಬದುಕಬಹುದು, ಯಾರು ವ್ಯಾಪಾರ ಮಾಡಬಹುದು ಎಂಬುದು ಕಾನೂನಿನ ವಿಷಯ, ಸಭೆಯದ್ದಲ್ಲ. ಯಾವ ಚರಂಡಿ ಮೊದಲು, ಆಟೊ ಯಾವ ಹೊತ್ತಿಗೆ, ಪಾರ್ಕಿನ ಗೇಟು ಎಷ್ಟು ಗಂಟೆಯವರೆಗೆ ಎಂಬುದು ಸಭೆಯದು. ಈಗಲೂ ದೊಡ್ಡ ಗಂಟಲಿನವರೇ ತೀರ್ಮಾನಿಸುತ್ತಿದ್ದಾರೆ, ಎಂಜಿನಿಯರ್‌ಗೆ ಒಂದು ಫೋನು ಮಾಡಿ, ಯಾರಿಗೂ ಕಾಣದ ಹಾಗೆ. ನಡಾವಳಿ ಬರೆದಿಟ್ಟ ಸಭೆಯಲ್ಲಿ ಯಾರು ಏನು ಕೇಳಿದರು ಎಂಬುದಾದರೂ ದಾಖಲಾಗುತ್ತದೆ.

ಬಾಡಿಗೆದಾರರ ಹೆಸರು ಊರಿನ ಮತದಾರರ ಪಟ್ಟಿಯಲ್ಲೇ ಉಳಿದಿರುತ್ತದೆ, ಮತದಾರರ ಸಭೆಗೆ ಅವರನ್ನು ಸೇರಿಸುವುದು ಹೇಗೆ ಎಂಬ ತೊಡಕೂ ಇದೆ. ಮತ ಹಾಕುವ ಹಕ್ಕು ಪಟ್ಟಿಯಲ್ಲಿರುವವರಿಗೇ ಇರಲಿ. ಮಾತಾಡುವ, ಅರ್ಜಿ ಕೊಡುವ ಹಕ್ಕು ಆ ಬೀದಿಯಲ್ಲಿ ಇರುವವರಿಗೆಲ್ಲ, ಅಲ್ಲಿ ದುಡಿಯುವವರಿಗೂ ಸಿಗಲಿ.

ಕರ್ನಾಟಕದಲ್ಲೇ ಇದಕ್ಕೆ ಹತ್ತಿರದ ಮಾದರಿಯಿದೆ. ಮೈಸೂರಿನ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕವನ್ನು ನಡೆಸಿಕೊಂಡು ಬಂದದ್ದು ನಾಗರಿಕರೇ ಕಟ್ಟಿದ ವಾರ್ಡ್ ಸಂಸತ್ತುಗಳ ಒಕ್ಕೂಟ. ಬೆಂಗಳೂರಿನ ಪಾಲಿಕೆಗಳು ಶುರುಮಾಡಲು ದೊಡ್ಡ ಹಣವೇನೂ ಬೇಡ. ಬಡಾವಣೆಯ ಸರ್ಕಾರಿ ಶಾಲೆಯ ಕೋಣೆ, ಭಾನುವಾರದ ಸಂಜೆ, ಪಾಲಿಕೆ, ಜಲಮಂಡಳಿ, ಬೆಸ್ಕಾಂಗಳಿಂದ ಒಬ್ಬೊಬ್ಬ ಎಂಜಿನಿಯರ್, ಬರೆದುಕೊಳ್ಳಲು ಒಬ್ಬ ಗುಮಾಸ್ತ ಇದ್ದರೆ ಸಾಕು. ಹಿಂದಿನ ಸಭೆಯಲ್ಲಿ ಒಪ್ಪಿಕೊಂಡ ಕೆಲಸಗಳಲ್ಲಿ ಆದದ್ದೆಷ್ಟು, ಆಗದ್ದಕ್ಕೆ ಕಾರಣವೇನು ಎಂದು ಮೊದಲು ಓದಿ ಹೇಳಿ, ಆಮೇಲೆ ಹೊಸ ದೂರುಗಳನ್ನು ಕೇಳಬೇಕು. ಪಾಲಿಕೆ ಚುನಾವಣೆಗೆ ಮತ ಕೇಳಿಕೊಂಡು ಬಾಗಿಲಿಗೆ ಬರುವ ಅಭ್ಯರ್ಥಿಗಳ ಮುಂದೆ ಇಡಬೇಕಾದ ಪ್ರಶ್ನೆಯೂ ಇದೇ: ಗೆದ್ದ ಮೇಲೆ ನಿಮ್ಮ ಮೊದಲ ಏರಿಯಾ ಸಭಾ ಯಾವ ತಾರೀಖು, ಯಾವ ಶಾಲೆಯಲ್ಲಿ?