ಜಮೀನಿನ ಹೆಸರು, ಒಕ್ಕಲಿನ ವಂಶ

1825ರ ಜುಲೈ ತಿಂಗಳಿನಲ್ಲಿ ನಾರ್ವೆಯ ಸ್ಟಾವಾಂಗರ್ ಬಂದರಿನಿಂದ ‘ರೆಸ್ಟೌರಾಸಿಯೋನ್’ ಎಂಬ ಸಣ್ಣ ಹಾಯಿಹಡಗೊಂದು ಅಮೆರಿಕದತ್ತ ಹೊರಟಿತು. ಹೊರಟಾಗ ಅದರಲ್ಲಿದ್ದವರು 52 ಜನ. ಅಕ್ಟೋಬರಿನಲ್ಲಿ ಅದು ನ್ಯೂಯಾರ್ಕ್ ಮುಟ್ಟಿದಾಗ, ಕಡಲ ಮೇಲೆಯೇ ಹುಟ್ಟಿದ ಒಂದು ಹಸುಗೂಸು ಸೇರಿ, 53 ಜನರಾಗಿದ್ದರು. ಅಲ್ಲಿಂದ ಮುಂದಿನ ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ನಾರ್ವೇಜಿಯನ್ನರು ಉತ್ತರ ಅಮೆರಿಕಕ್ಕೆ ವಲಸೆ ಹೋದರು. 1801ರ ಜನಗಣತಿಯಲ್ಲಿ ನಾರ್ವೆಯ ಒಟ್ಟು ಜನಸಂಖ್ಯೆಯೇ ಒಂಬತ್ತು ಲಕ್ಷದೊಳಗಿತ್ತು ಎಂಬುದನ್ನು ನೆನೆದರೆ ಈ ವಲಸೆಯ ಗಾತ್ರ ಅರಿವಾಗುತ್ತದೆ.

ಹೀಗೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಇಂದು ಮಿನ್ನೆಸೋಟ, ವಿಸ್ಕಾನ್ಸಿನ್, ಅಯೋವಾ, ಉತ್ತರ ಡಕೋಟಗಳಲ್ಲಿ ಕುಳಿತು ತಮ್ಮ ಮೂಲವನ್ನು ಅರಸುತ್ತಿದ್ದಾರೆ. ನಾರ್ವೆಯ ಕಡೆಯವರು ಹಡಗು ಹತ್ತಿಹೋದ ಅಜ್ಜನ ತಮ್ಮನ ಸಂತತಿ ಎಲ್ಲಿದೆಯೆಂದು ಹುಡುಕುತ್ತಿದ್ದಾರೆ. ಈ ಹುಡುಕಾಟಕ್ಕೆ ಬೇಕಾದ ಆಕರಗಳ ಕೊರತೆಯಿಲ್ಲ. ನಾರ್ವೆಯ ರಾಷ್ಟ್ರೀಯ ಪತ್ರಾಗಾರವು ‘ಡಿಜಿಟಲ್‌ಆರ್ಕಿವೆಟ್’ ಎಂಬ ತನ್ನ ಜಾಲತಾಣದಲ್ಲಿ ಚರ್ಚಿನ ದಫ್ತರಗಳನ್ನೂ ಜನಗಣತಿಗಳನ್ನೂ ಶುಲ್ಕವಿಲ್ಲದೆ ತೆರೆದಿಟ್ಟಿದೆ. ಆದರೂ ಶೋಧ ದಾರಿ ತಪ್ಪುವುದುಂಟು. ಅದಕ್ಕೆ ಆಕರಗಳ ಅಭಾವಕ್ಕಿಂತ ಹೆಸರಿನ ಮೇಲಿಟ್ಟ ಅತಿಯಾದ ನಂಬಿಕೆಯೇ ಮುಖ್ಯ ಕಾರಣ.

ನಾರ್ವೆಯ ಗ್ರಾಮಜೀವನದಲ್ಲಿ ವಂಶಪಾರಂಪರ್ಯವಾದ ಮನೆತನದ ಹೆಸರು ಬಹುಕಾಲ ಇರಲೇ ಇಲ್ಲ. ಓಲೆ ಎಂಬವನ ಮಗ ಲಾರ್ಸ್ ಆದರೆ ಅವನು ಲಾರ್ಸ್ ಓಲ್ಸೆನ್. ಆ ಲಾರ್ಸನ ಮಗ ಪೇಡರ್ ಲಾರ್ಸೆನ್, ಮಗಳು ಆನ್ನೆ ಲಾರ್ಸ್‌ದಾತ್ತರ್. ಹೀಗೆ ತಲೆಮಾರಿಗೊಮ್ಮೆ ಎರಡನೆಯ ಹೆಸರು ಬದಲಾಗುತ್ತದೆ. ಇದರ ಮೇಲೆ ಮೂರನೆಯದಾಗಿ ಸೇರುವುದು ಜಮೀನಿನ ಹೆಸರು. ಮನೆ, ಕೊಟ್ಟಿಗೆ, ಹೊಲ, ಹುಲ್ಲುಗಾವಲು ಕೂಡಿದ ಒಂದೊಂದು ಜಮೀನಿಗೂ ಅಲ್ಲಿ ಹಳೆಯ ಹೆಸರಿದೆ. ಬಕ್ಕೆ ಎಂದರೆ ಇಳಿಜಾರು, ಹೌಗ್ ಎಂದರೆ ದಿಬ್ಬ, ವೀಕ್ ಎಂದರೆ ಕೊಲ್ಲಿ. ಬಕ್ಕೆಯಲ್ಲಿ ವಾಸಿಸುವ ಲಾರ್ಸ್ ಓಲ್ಸೆನ್ ‘ಲಾರ್ಸ್ ಓಲ್ಸೆನ್ ಬಕ್ಕೆ’ ಎನಿಸುತ್ತಾನೆ. ಅವನೇ ಮದುವೆಯಾಗಿ ಹೌಗ್‌ನಲ್ಲಿ ನೆಲೆಸಿದರೆ ‘ಲಾರ್ಸ್ ಓಲ್ಸೆನ್ ಹೌಗ್’ ಆಗುತ್ತಾನೆ. ಇಲ್ಲಿ ಮೂರನೆಯ ಪದ ಕುಲವನ್ನು ಹೇಳುವುದಿಲ್ಲ, ವಿಳಾಸವನ್ನು ಹೇಳುತ್ತದೆ. ಸ್ಥಿರವಾದ ಮನೆತನದ ಹೆಸರು ಕಡ್ಡಾಯವಾದದ್ದು 1923ರ ಕಾನೂನಿನಿಂದ. ಅಷ್ಟರಲ್ಲಿ ವಲಸೆಯ ಬಹುಪಾಲು ಮುಗಿದೇ ಹೋಗಿತ್ತು.

ಅಮೆರಿಕದಲ್ಲಾದರೋ ಒಂದು ಸ್ಥಿರವಾದ ಕೊನೆಯ ಹೆಸರು ಬೇಕಾಯಿತು. ಕೆಲವರು ತಂದೆಯ ಹೆಸರಿನಿಂದ ಬಂದ ಓಲ್ಸನ್, ಲಾರ್ಸನ್‌ಗಳನ್ನು ಉಳಿಸಿಕೊಂಡರು. ಕೆಲವರು ಬಿಟ್ಟುಬಂದ ಜಮೀನಿನ ಹೆಸರನ್ನು ಹಿಡಿದರು. ಒಡಹುಟ್ಟಿದವರೇ ಬೇರೆಬೇರೆ ಹೆಸರುಗಳಲ್ಲಿ ನೆಲೆಸಿದ್ದುಂಟು. ಈ ಬದಲಾವಣೆಗಳನ್ನೆಲ್ಲ ಎಲ್ಲಿಸ್ ದ್ವೀಪದ ಅಧಿಕಾರಿಗಳ ತಲೆಗೆ ಕಟ್ಟುವ ಕಥೆ ಜನಪ್ರಿಯವಾಗಿದೆಯಾದರೂ ಅದು ನಿಲ್ಲುವುದಿಲ್ಲ. ಆ ಠಾಣೆ ತೆರೆದದ್ದೇ 1892ರಲ್ಲಿ. ಅಲ್ಲಿನ ಅಧಿಕಾರಿಗಳು ಹಡಗಿನವರು ಮೊದಲೇ ಬರೆದು ತಂದ ಪಟ್ಟಿಯನ್ನು ಮುಂದಿಟ್ಟುಕೊಂಡು ವಿಚಾರಿಸುತ್ತಿದ್ದರೇ ಹೊರತು ಹೊಸ ಹೆಸರುಗಳನ್ನು ಇಡುತ್ತಿರಲಿಲ್ಲ. ಹೆಸರನ್ನು ಬದಲಿಸಿಕೊಂಡವರು ಬಹುಮಟ್ಟಿಗೆ ವಲಸೆಗಾರರೇ. ಕಾದಂಬರಿಕಾರ ಓ. ಇ. ರೋಲ್ವಾಗ್ ಇದಕ್ಕೆ ಒಳ್ಳೆಯ ನಿದರ್ಶನ. ಹೆಲ್ಗೆಲಾಂಡ್ ಪ್ರಾಂತದ ಡೊನ್ನಾ ದ್ವೀಪದಲ್ಲಿ 1876ರಲ್ಲಿ ಹುಟ್ಟಿದ ಆತ ಊರಿನಲ್ಲಿ ಓಲೆ ಪೇಡರ್ಸೆನ್ ಆಗಿದ್ದವನು. 1896ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ತಾನು ಹುಟ್ಟಿದ ತಾಣದ ಹೆಸರನ್ನೇ ತನ್ನ ಹೆಸರಾಗಿಸಿಕೊಂಡ. ಆತನ ‘ಜೈಂಟ್ಸ್ ಇನ್ ದಿ ಅರ್ತ್’ ಕಾದಂಬರಿಯಲ್ಲಿಯೂ ಪೆರ್ ಹಾನ್ಸಾನ ಕುಟುಂಬ ‘ಹೋಲ್ಮ್’ ಎಂಬ ಹೊಸ ಹೆಸರನ್ನು ಸ್ವೀಕರಿಸುತ್ತದೆ. ಪಿತೃಗಳ ಹೆಸರನ್ನು ಕಳಚಿಹಾಕುವ ಆ ಗಳಿಗೆ ಹೆಂಡತಿ ಬೆರೆತ್‌ಳ ಮನಸ್ಸನ್ನು ಕಲಕುತ್ತದೆ.

ಜಮೀನಿನ ಹೆಸರನ್ನು ಹೊತ್ತವರೆಲ್ಲ ಆ ಜಮೀನಿನ ಒಡೆಯರಾಗಿರಲಿಲ್ಲ ಎಂಬುದು ಇಲ್ಲಿ ಮರೆಯಬಾರದ ಸಂಗತಿ. ಹತ್ತೊಂಬತ್ತನೆಯ ಶತಮಾನದ ನಾರ್ವೆಯಲ್ಲಿ ‘ಹುಸ್‌ಮನ್’ ಎಂಬ ದೊಡ್ಡ ವರ್ಗವಿತ್ತು. ಒಡೆಯನ ಭೂಮಿಯ ಅಂಚಿನಲ್ಲಿ ಒಂದು ಗುಡಿಸಲು, ಕೆಲವೊಮ್ಮೆ ಒಂದು ತುಂಡು ನೆಲ, ಅದಕ್ಕೆ ಪ್ರತಿಯಾಗಿ ಒಡೆಯನಿಗೆ ದುಡಿಮೆ: ಇದು ಆ ಒಕ್ಕಲಿನ ಬಾಳು. ಅವನೂ ದಫ್ತರದಲ್ಲಿ ಅದೇ ಜಮೀನಿನ ಹೆಸರಿನಡಿ ದಾಖಲಾಗುತ್ತಿದ್ದ. ಎಚ್ಚರದ ಪಾದ್ರಿಯಾದರೆ ಜಮೀನಿನ ಹೆಸರಿನ ಬಾಲಕ್ಕೆ ‘ಐಯೆ’ ಎಂಬ ಪದವನ್ನು ಸೇರಿಸಿ, ಇದು ಆ ಜಮೀನಿಗೆ ಸೇರಿದ ಒಕ್ಕಲಿನ ನೆಲೆ ಎಂದು ಸೂಚಿಸುತ್ತಿದ್ದ. ಕಡಲು ದಾಟುವಾಗ ಆ ಬಾಲ ಕಳಚಿಹೋಯಿತು. ಉಳಿದದ್ದು ಒಡೆಯನ ಜಮೀನಿನ ಹೆಸರು ಮಾತ್ರ.

ಮರಿಮಕ್ಕಳ ಕಾಲಕ್ಕೆ ಆ ಹೆಸರು ಮನೆತನದ ಹೆಮ್ಮೆಯಾಗಿ ಪರಿಣಮಿಸುತ್ತದೆ. ಅವರು ‘ಬಿಗ್ಡೆಬೂಕ್’ ಎಂದು ಕರೆಯುವ ಗ್ರಾಮಚರಿತ್ರೆಯ ಸಂಪುಟವನ್ನು ತೆರೆದು, ಆ ಜಮೀನಿನಡಿ ಕೊಟ್ಟಿರುವ ಒಡೆಯರ ವಂಶಾವಳಿಯನ್ನು ಕಂಡು, ತಮ್ಮ ಹಿರಿಯನನ್ನು ಅದರ ಒಂದು ಕೊಂಬೆಗೆ ಕಸಿಮಾಡಿಬಿಡುತ್ತಾರೆ. ಒಬ್ಬರು ಮಾಡಿದ ಕಸಿಯನ್ನು ಹತ್ತು ಜನ ನಕಲು ಮಾಡುತ್ತಾರೆ. ನಕಲುಗಳ ಸಂಖ್ಯೆಯೇ ಕೊನೆಗೆ ಪ್ರಮಾಣವೆನಿಸುತ್ತದೆ. ಇದು ಬರಿಯ ತಾಂತ್ರಿಕ ದೋಷವಲ್ಲ. ಯಾರ ಬಡತನ ಆ ವಲಸೆಗೆ ಕಾರಣವಾಯಿತೋ ಆ ಒಕ್ಕಲನ್ನೇ ಅವನ ಸ್ವಂತ ಸಂತತಿ ಅಳಿಸಿಹಾಕಿ, ಅವನಿಂದ ದುಡಿಸಿಕೊಂಡವನನ್ನು ಪಿತಾಮಹನ ಪೀಠದಲ್ಲಿ ಕೂರಿಸಿದಂತಾಗುತ್ತದೆ.

ಇದನ್ನು ತಡೆಯುವ ಆಕರಗಳು ಕೈಯಳತೆಯಲ್ಲೇ ಇವೆ. 1865 ಮತ್ತು 1875ರ ಜನಗಣತಿಗಳು ಪ್ರತಿಯೊಬ್ಬನ ವೃತ್ತಿಯನ್ನೂ ಸ್ಥಾನವನ್ನೂ ಹೇಳುತ್ತವೆ: ಸ್ವಂತ ಭೂಮಿಯ ರೈತನೋ, ಗೇಣಿದಾರನೋ, ನೆಲವುಳ್ಳ ಹುಸ್‌ಮನ್ನನೋ, ನೆಲವಿಲ್ಲದವನೋ. ಅಷ್ಟೇ ಅಲ್ಲ, ಮನೆಯ ದನಕುರಿಗಳ ಲೆಕ್ಕವನ್ನೂ ಬಿತ್ತಿದ ಕಾಳಿನ ಅಳತೆಯನ್ನೂ ಕೊಡುತ್ತವೆ. ಕೊಟ್ಟಿಗೆಯಲ್ಲಿ ಒಂದು ಹಸು, ಹೊಲದಲ್ಲಿ ಅಷ್ಟಿಷ್ಟು ಆಲೂಗಡ್ಡೆ ಎಂಬ ನಮೂದು ಸುಳ್ಳು ವಂಶಾವಳಿಯನ್ನು ಒಡೆಯಲು ಸಾಕು. ಚರ್ಚಿನ ದಫ್ತರದಲ್ಲಿ ದೀಕ್ಷಾಸ್ನಾನದ ದಿನ, ತಂದೆತಾಯಿಗಳ ಹೆಸರು, ಸಾಕ್ಷಿಗಳಾಗಿ ನಿಂತವರ ಹೆಸರು ದೊರೆಯುತ್ತವೆ. ಹದಿಹರೆಯದಲ್ಲಿ ನಡೆಯುವ ದೃಢೀಕರಣ ಸಂಸ್ಕಾರದ ಪುಟದಲ್ಲಿ ಸಿಡುಬಿನ ಲಸಿಕೆಯ ವಿವರವೂ ಕಾಣಿಸುತ್ತದೆ. ಊರು ಬಿಟ್ಟವರ ಪಟ್ಟಿಯೂ ಅಲ್ಲಿರುತ್ತದೆ. ಕ್ರಿಸ್ಟಿಯಾನಿಯಾ, ಎಂದರೆ ಇಂದಿನ ಓಸ್ಲೋದಲ್ಲಿ, 1867ರಿಂದ ಪೊಲೀಸರು ವಲಸೆ ಹೊರಟವರ ಪ್ರತ್ಯೇಕ ದಾಖಲೆಪುಸ್ತಕವನ್ನು ಇಟ್ಟರು.

ಅಮೆರಿಕದ ಕಡೆಯ ಆಕರಗಳನ್ನು ತೂಗುವಾಗ ಪ್ರತಿಯೊಂದೂ ಯಾರಿಗಾಗಿ, ಯಾವ ಪ್ರಯೋಜನಕ್ಕಾಗಿ ಬರೆಯಲ್ಪಟ್ಟಿತು ಎಂದು ಕೇಳಬೇಕು. ಪೌರತ್ವದ ಹಳೆಯ ಕಾಗದಗಳಲ್ಲಿ ನಾರ್ವೇಜಿಯನ್ನನು ಸ್ವೀಡನ್ ಮತ್ತು ನಾರ್ವೆಯ ಅರಸನಿಗೆ ನಿಷ್ಠೆಯನ್ನು ತೊರೆಯುತ್ತಾನೆ. 1905ರವರೆಗೆ ಎರಡೂ ದೇಶಗಳಿಗೆ ಒಬ್ಬನೇ ದೊರೆ. ನ್ಯಾಯಾಲಯಕ್ಕೆ ಬೇಕಾದದ್ದು ಅಷ್ಟೇ ಆದುದರಿಂದ ಅವನ ಹುಟ್ಟೂರು ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. 1900ರ ಜನಗಣತಿ ವಲಸೆ ಬಂದ ವರ್ಷವನ್ನು ಕೇಳುತ್ತದೆ, ಊರನ್ನು ಕೇಳುವುದಿಲ್ಲ. 1890ರ ಗಣತಿಯ ಹಾಳೆಗಳು 1921ರ ಬೆಂಕಿಯ ತರುವಾಯ ಬಹುಪಾಲು ನಾಶವಾದವು. ಮರಣಪತ್ರದಲ್ಲಿನ ತಂದೆತಾಯಿಗಳ ಹೆಸರನ್ನು ಹೇಳಿದವನು ನಾರ್ವೆಯನ್ನೇ ಕಾಣದ ಮಗನಾಗಿರಬಹುದು. ಹುಟ್ಟೂರಿನ ಹೆಸರು ಸಿಗುವ ಸಂಭವ ಹೆಚ್ಚಾಗಿರುವುದು ವಲಸೆಗಾರರೇ ಕಟ್ಟಿಕೊಂಡ ಲೂಥರನ್ ಚರ್ಚುಗಳಲ್ಲಿ, ನಾರ್ವೇಜಿಯನ್ ಭಾಷೆಯಲ್ಲಿಯೇ ಬರೆದಿಟ್ಟ ದಫ್ತರಗಳಲ್ಲಿ ಮತ್ತು ‘ಡೆಕೋರಾ ಪೋಸ್ಟೆನ್’ನಂತಹ ಪತ್ರಿಕೆಗಳ ಮರಣವಾರ್ತೆಗಳಲ್ಲಿ. ತಮ್ಮವರಿಗಾಗಿ ಬರೆದುಕೊಂಡ ದಾಖಲೆಯಲ್ಲಿ ಊರಿಗೆ ಬೆಲೆಯಿತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ವಿವೇಚನೆ ಇನ್ನೂ ಅಗತ್ಯ. ನಾರ್ವೆಯ ಹಳ್ಳಿಯಲ್ಲಿ ಮದುವೆಯಾದ ಮೇಲೂ ಹೆಣ್ಣು ತನ್ನ ತಂದೆಯ ಮಗಳಾಗಿಯೇ ದಾಖಲಾಗುತ್ತಿದ್ದಳು. ಅಮೆರಿಕದಲ್ಲಿ ಅವಳು ಗಂಡನ ಹೆಸರಿನೊಳಗೆ ಮರೆಯಾದಳು. 1922ರವರೆಗೆ ಅವಳ ಪೌರತ್ವವೂ ಗಂಡನದನ್ನೇ ಅನುಸರಿಸುತ್ತಿತ್ತು. ಆದುದರಿಂದ ಗಂಡಿನ ಹೆಸರನ್ನೇ ಹಿಡಿದು ನಡೆಯುವ ವಂಶಶೋಧ ಅರ್ಧ ಕುಟುಂಬವನ್ನು ಹಡಗಿನಲ್ಲಿಯೇ ಬಿಟ್ಟುಬರುತ್ತದೆ.

ಇನ್ನೊಂದು ಮೌನವೂ ಇದೆ. 1862ರ ಹೋಮ್‌ಸ್ಟೆಡ್ ಕಾಯಿದೆಯಂತೆ, ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವನಿಗೆ 160 ಎಕರೆ ದೊರೆಯುತ್ತಿತ್ತು. ತಲೆಮಾರುಗಳಿಂದ ಪರರ ನೆಲದಲ್ಲಿ ದುಡಿದ ಹುಸ್‌ಮನ್ನನ ಮಗನ ಹೆಸರು ಮೊದಲ ಬಾರಿಗೆ ಒಡೆಯನಾಗಿ ದಾಖಲಾದದ್ದು ಆ ಕಡತಗಳಲ್ಲಿ. ಅದೇ 1862ರಲ್ಲಿ ಮಿನ್ನೆಸೋಟದಲ್ಲಿ ಡಕೋಟ ಜನರೊಡನೆ ಯುದ್ಧವಾಯಿತು. ಅನೇಕ ವಲಸೆಗಾರರು ಹತರಾದರು. ವರ್ಷದ ಕೊನೆಗೆ ಮ್ಯಾಂಕಾಟೊದಲ್ಲಿ 38 ಮಂದಿ ಡಕೋಟರನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು. ಉಳಿದವರಲ್ಲಿ ಹೆಚ್ಚಿನವರನ್ನು ಆ ರಾಜ್ಯದಿಂದಲೇ ಹೊರಹಾಕಲಾಯಿತು. ಭೂಮಿಯ ಕಡತ ಹೊಸ ಒಡೆಯನ ಹೆಸರನ್ನು ಹೇಳುತ್ತದೆ. ಆ ನೆಲ ಹಿಂದೆ ಯಾರದಾಗಿತ್ತು ಎಂಬುದನ್ನು ಹೇಳುವುದಿಲ್ಲ. ಹಿರಿಯರ ಬಡತನವನ್ನು ಮರೆಮಾಚದ ವಂಶಚರಿತ್ರೆ ಅವರ ಲಾಭದ ಮೂಲವನ್ನೂ ಮರೆಮಾಚಬಾರದು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಸಮಸ್ಯೆ ಅಪರಿಚಿತವೇನಲ್ಲ. ‘ಛಂದೋಂಬುಧಿ’ಯ ನಾಗವರ್ಮನನ್ನೂ ‘ಕಾವ್ಯಾವಲೋಕನ’ದ ನಾಗವರ್ಮನನ್ನೂ ಬೇರ್ಪಡಿಸಲು ವಿದ್ವಾಂಸರು ಹೆಸರನ್ನು ಬದಿಗಿಟ್ಟು ಕಾಲ, ಆಶ್ರಯ, ಕೃತಿಗಳ ಸಾಕ್ಷ್ಯವನ್ನು ನೋಡಬೇಕಾಯಿತು. ಪಂಪನ ಮನೆತನದ ವಿಚಾರದಲ್ಲಿ ಕಾವ್ಯದ ಮಾತಿಗೆ ಹೊರಗಿನ ಬಲ ಬಂದದ್ದು ಅವನ ತಮ್ಮ ಜಿನವಲ್ಲಭನ ಕುರಿಕ್ಯಾಲ ಶಾಸನದಿಂದ. ಆತ್ಮವೃತ್ತವನ್ನು ಸ್ವತಂತ್ರವಾದ ಮತ್ತೊಂದು ದಾಖಲೆಯೊಡನೆ ಒರೆಹಚ್ಚುವ ಈ ಕ್ರಮವೇ ಓಲೆ ಓಲ್ಸೆನ್‌ನನ್ನು ಹುಡುಕುವವನಿಗೂ ಬೇಕಾದದ್ದು. ಊರು, ದಿನಾಂಕ, ಬಂಧುತ್ವ ಈ ಮೂರೂ ಒಂದಕ್ಕೊಂದು ಹೊಂದಿದಾಗ ಮಾತ್ರ ಇಬ್ಬರನ್ನು ಒಬ್ಬನೆನ್ನಬೇಕು. ಮೂರರಲ್ಲಿ ಎರಡಷ್ಟೇ ದೊರೆತರೆ, ಯಾವ ಆಕರದ ದೃಷ್ಟಿಯಿಂದ ಈ ಮಾತು ಸಲ್ಲುತ್ತದೆ ಎಂದು ಸ್ಪಷ್ಟವಾಗಿ ಬರೆಯಬೇಕು. ಯಾವ ನೆಲೆಯಿಂದ ನುಡಿಯುತ್ತಿದ್ದೇವೆಂಬುದನ್ನು ನುಡಿಯೊಳಗೇ ಸೂಚಿಸುವ ಸ್ಯಾದ್ವಾದದ ಶಿಸ್ತು ಇಲ್ಲಿ ಶೋಧಕನಿಗೆ ಸಲ್ಲುವಂಥದು. ಒಂದೂ ದೊರೆಯದಿದ್ದರೆ ಆ ಸ್ಥಾನವನ್ನು ಬರಿದಾಗಿ ಬಿಡಬೇಕು.

ವಂಶವೃಕ್ಷದಲ್ಲಿ ಬರಿದಾದ ಸ್ಥಾನವೊಂದಿದ್ದರೆ ಶೋಧಕನ ಮಾನಕ್ಕೆ ಕುಂದಿಲ್ಲ. ನಾಳೆ ಮತ್ತೊಂದು ದಫ್ತರ ತೆರೆದಾಗ ಅಲ್ಲಿ ನಿಜವಾದ ಹೆಸರು ಬಂದು ಕೂಡಬಹುದು. ಅನ್ಯನ ಹೆಸರಿನಿಂದ ಅದನ್ನು ತುಂಬಿಬಿಟ್ಟರೆ, ಒಂದು ಹಸುವನ್ನು ಮಾರಿ ಹಡಗಿನ ಚೀಟಿ ಕೊಂಡಿರಬಹುದಾದ ಆ ಒಕ್ಕಲು ತನ್ನ ಮಕ್ಕಳ ಮನೆಯಲ್ಲಿಯೇ ಮತ್ತೆ ನೆಲೆ ಕಳೆದುಕೊಳ್ಳುತ್ತಾನೆ.