ಬಿಗಿಯೂ ಬೇಡ, ಸಡಿಲವೂ ಬೇಡ

ಕಾರಿನ ಎಂಜಿನ್ನಿಗೆ ಟರ್ಬೋ ಕೂರಿಸಿ ಬಲ ಹೆಚ್ಚಿಸಿಕೊಂಡವರು ಮುಂದೆ ಯೋಚಿಸಬೇಕಾದುದು ಕ್ಲಚ್ಚಿನ ಸಂಗತಿ. ಎಂಜಿನ್ನಿನ ಬಲವು ಗೇರುಪೆಟ್ಟಿಗೆಯನ್ನು ಸೇರುವುದು ಕ್ಲಚ್ಚಿನ ತಟ್ಟೆಯ ಘರ್ಷಣೆಯಿಂದ. ಹಿಡಿತ ಸಾಲದಾದರೆ ತಟ್ಟೆ ಜಾರುತ್ತದೆ. ಎಂಜಿನ್ನು ಅಬ್ಬರಿಸಿದರೂ ಕಾರು ಮುಂದೆ ನುಗ್ಗದು, ಸುಟ್ಟ ವಾಸನೆ ಮಾತ್ರ ಮೂಗಿಗೆ ಅಡರುತ್ತದೆ.

ಹಾಗೆಂದು ಪಂದ್ಯದ ಕ್ಲಚ್ಚನ್ನೇ ತಂದು ಜೋಡಿಸಿದರೆ ಸುಖವುಂಟೇ? ಸೆರಾಮಿಕ್ ಬಿಲ್ಲೆಗಳ ತಟ್ಟೆ ಕಾವನ್ನು ತಾಳುವುದು ನಿಜ. ಆದರೆ ಹಠಾತ್ತನೆ ಕಚ್ಚಿಕೊಳ್ಳುವುದರಿಂದ ಊರೊಳಗಿನ ಸಂದಣಿಯಲ್ಲಿ ಕಾರು ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತದೆ. ಬೀದಿಯ ಓಡಾಟಕ್ಕೆ ಮೆತ್ತಗೆ ಹಿಡಿಯುವ ಆರ್ಗ್ಯಾನಿಕ್ ತಟ್ಟೆ, ತುಸು ಬಲವಾದ ಪ್ರೆಷರ್ ಪ್ಲೇಟು ಇದ್ದರೆ ಲೇಸು.

ಜಪಾನಿನ ಮಾಜ್ದಾ ಕಂಪೆನಿ 1989ರಲ್ಲಿ ಹೊರತಂದ ಮಿಯಾಟಾ ಕಾರನ್ನು ನೋಡಿ. ಅದರ 1.6 ಲೀಟರ್ ಎಂಜಿನ್ನಿಗಿದ್ದುದು 200 ಮಿಲಿಮೀಟರ್ ಕ್ಲಚ್ಚು, ಅನಂತರದ 1.8 ಲೀಟರ್ ಎಂಜಿನ್ನಿಗೆ 215. ಈ ದೊಡ್ಡ ಕ್ಲಚ್ಚು ಅದರದೇ ಫ್ಲೈವೀಲಿನೊಡನೆ ಹಳೆಯ ಎಂಜಿನ್ನಿಗೂ ನೇರವಾಗಿ ಕೂಡುತ್ತದೆ. ಕೊರೆಯುವ, ಕತ್ತರಿಸುವ ತೊಡಕಿಲ್ಲ.

ಕ್ಲಚ್ಚು ಯಾವುದಾದರೂ ಗೇರುಪೆಟ್ಟಿಗೆಯನ್ನು ಇಳಿಸದೆ ಗತ್ಯಂತರವಿಲ್ಲ. ಹೆಚ್ಚಿನ ಶ್ರಮ ಅಲ್ಲಿಯೇ. ಆದುದರಿಂದ ರಿಲೀಸ್ ಬೇರಿಂಗು, ತಟ್ಟೆಯನ್ನು ನಡುವಿಗೆ ನಿಲ್ಲಿಸುವ ಸಾಧನ ಎಲ್ಲವೂ ಒಟ್ಟಿಗಿರುವ ಸೆಟ್ಟನ್ನೇ ಕೊಳ್ಳುವುದು ಜಾಣತನ. ಬಳಿಕ ಕೆಲವು ನೂರು ಕಿಲೋಮೀಟರು ಹದವಾಗಿ ಓಡಿಸಿ. ಹೊಸ ಸಂಬಂಧ ಕುದುರುವುದಕ್ಕೆ ಕೊಂಚ ಕಾಲ ಬೇಡವೇ?